ಗಾಜಿನ ಮೇಲೆ ನಿಂತ ಬಿಳಿಕಣ

ಲೂಪಸ್ ಕಾಯಿಲೆಯಿದ್ದ ನೀಲಾಂಬಿಕೆ ಟೀಚರು ಮೈ ಹಗುರಾಯಿತೆಂದು ಮಾತ್ರೆ ಬಿಟ್ಟಿದ್ದರು. ಅವರ ರಕ್ತದಲ್ಲಿ ಕಾವಲಿದ್ದ ಒಂದು ಬಿಳಿಕಣ ಮೂತ್ರಪಿಂಡದ ಬಾಗಿಲಲ್ಲಿ ನಿಂತು ಗದರಿತು: "ಯಾರು ನೀನು? ಹಗೆಯಂತೆ ಕಾಣುತ್ತೀಯೆ."

"ಹುಟ್ಟಿನಿಂದ ಈ ಮನೆಯವನೇ. ನೀನು ಓಡಾಡುವ ರಕ್ತವನ್ನು ಸೋಸುವವನು ನಾನೇ," ಎಂದಿತು ಮೂತ್ರಪಿಂಡ.

"ಹಗೆಗಳೆಲ್ಲ ಹಾಗೇ ಹೇಳುತ್ತವೆ," ಎಂದ ಬಿಳಿಕಣ ತನ್ನವರನ್ನು ಕೂಗಿ ಕರೆದು ಹೊಡೆಸಿತು. ಬಂದವರಲ್ಲಿ ಬಹಳ ಮಂದಿ ತಾವೂ ಸತ್ತರು. ಟೀಚರಿಗೆ ಮಾತ್ರ ಯಾವ ನೋವೂ ತಿಳಿಯಲಿಲ್ಲ.

ಮುಂದಿನ ತಪಾಸಣೆಯಲ್ಲಿ ಸೂಜಿಯೊಂದು ಆ ಬಿಳಿಕಣವನ್ನು ಹೊರಗೆಳೆಯಿತು. ಸೂಕ್ಷ್ಮದರ್ಶಕದ ಗಾಜಿನ ಮೇಲೆ ಅದು ಎದೆ ಸೆಟೆಸಿ ನಿಂತು, ತನ್ನ ಶೌರ್ಯವನ್ನು ಈಗ ಹೊಗಳುತ್ತಾರೆಂದು ಕಾಯಿತು.

ಡಾಕ್ಟರು ಕಣ್ಣಿಟ್ಟು ನೋಡಿದರು. "ಬಿಳಿಕಣಗಳು ಬಹಳ ಕಮ್ಮಿಯಾಗಿವೆ, ಟೀಚರೇ. ಸೋಂಕು ಎಲ್ಲೂ ಇಲ್ಲ, ಆದರೂ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ. ಲೂಪಸ್ ಮತ್ತೆ ಕೆರಳಿದೆ, ನಿಮ್ಮ ಕಾವಲು ನಿಮ್ಮನ್ನೇ ಹೊಡೆಯುತ್ತಿದೆ. ಅದನ್ನು ತಡೆಯುವ ಮಾತ್ರೆಯನ್ನು ಇವತ್ತೇ ಮತ್ತೆ ಶುರು ಮಾಡಿ, ಮೂತ್ರಪಿಂಡವನ್ನು ಇನ್ನೂ ಉಳಿಸಿಕೊಳ್ಳಬಹುದು."

ಬಿಳಿಕಣದ ಎದೆ ಕುಸಿಯಿತು. ಓಡಿಹೋಗಿ ತನ್ನವರನ್ನು ತಡೆಯೋಣವೆಂದರೆ ಗಾಜಿನಿಂದ ಮೈಯೊಳಗೆ ಮರಳುವ ದಾರಿ ಇರಲಿಲ್ಲ. "ಸಾಕು, ನಿಲ್ಲಿಸಿ" ಎಂದು ಹೇಳಲು ಮಾತ್ರೆಯೇ ಹೋಗಬೇಕಾಯಿತು.