ಅಹಲ್ಯಾ ಮೇಡಂ ಅವರ ಕಡೆಯ ಮಾತು

ಇಪ್ಪತ್ತು ವರ್ಷ ಪತ್ರಿಕೆಗೆ ವಾರದ ಅಂಕಣ ಬರೆದ ಅಹಲ್ಯಾ ಮೇಡಂ ತೀರಿಕೊಂಡ ದಿನವೇ ಅವರ ಲೇಖನ ಅಂಚೆಯಲ್ಲಿ ಬಂತು: ಸರ್ಕಾರಿ ಆಸ್ಪತ್ರೆಯನ್ನು ಖಾಸಗಿಯವರಿಗೆ ಕೊಟ್ಟರೆ ಬಡವರು ಎಲ್ಲಿಗೆ ಹೋಗಬೇಕು?

"ಇದು ಪ್ರಗತಿಗೆ ಅಡ್ಡಗಾಲು. ಬೇಡ," ಎಂದರು ಪತ್ರಿಕೆಯ ಮಾಲೀಕರು. "ದೊಡ್ಡದಾಗಿ ಶ್ರದ್ಧಾಂಜಲಿ ಹಾಕು. ನನಗೆ ತೋರಿಸೋದೇನೂ ಬೇಡ."

ಪುಟ ಕಟ್ಟುವವನು ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತ.

ಬೆಳಿಗ್ಗೆ ಮಾಲೀಕರು ಕೆಂಡವಾದರು. ಪತ್ರಿಕೆಯಲ್ಲಿ ಮೇಡಂ ಫೋಟೋ, ಅದರಡಿ "ಅವರ ಕಡೆಯ ಮಾತು" ಎಂಬ ಸಾಲು, ಕೆಳಗೆ ಇಡೀ ಲೇಖನ.

"ಏನಯ್ಯಾ ಇದು?"

"ಸತ್ತವರ ಕಡೆಯ ಮಾತು ನುಂಗಬಾರದಂತೆ ಸಾರ್."

ಜನ ಆಗಲೇ ಆ ಪುಟವನ್ನು ಕತ್ತರಿಸಿ ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದರು. ತಾವೇ ಹಾಕಿಸಿದ ಶ್ರದ್ಧಾಂಜಲಿಯನ್ನು ಮಾಲೀಕರು ಕಿತ್ತುಹಾಕಿಸುವುದು ಹೇಗೆ?

"ಮುಂದಿನ ವಾರ ಈ ಆಟ ನಡೆಯಲ್ಲ," ಎಂದು ಮಾಲೀಕರು ಗೊಣಗಿದರು.

"ಗೊತ್ತು ಸಾರ್." ಅವನು ಮೇಡಂ ಫೋಟೋ ನೋಡಿದ. "ಇನ್ನೊಂದು ಸಲ ಸಾಯೋಕೆ ಮೇಡಂ ಇಲ್ಲವಲ್ಲ."