ಬಿಡಿಸಿ ಹೇಳಿದ ಅರಮನೆ

ಇದು ನಡೆದದ್ದು ಕರಿಬಂಡೆ ದುರ್ಗದಲ್ಲಿ ಹೊಸ ಅರಮನೆಯ ಕೆಲಸ ಮುಗಿದ ಎಂಟನೆಯ ದಿನ, ವೈಶಾಖದ ಒಂದು ಸೋಮವಾರ. ಬೆಳಿಗ್ಗೆಯೇ ಡಂಗುರ ಸಾರಿದರು.

"ಕೇಳ್ರಪ್ಪೋ ಕೇಳಿ. ಭೈರನಾಯಕ ದೊರೆಗಳು ಕಟ್ಟಿಸಿದಂಥ ಅರಮನೆ ಭೂಮಿಯ ಮೇಲೆ ಇನ್ನೊಂದಿಲ್ಲ. ಇನ್ನೊಂದು ಆಗಲೂ ಕೂಡದು. ಅದಕ್ಕೇ ಅದನ್ನು ಕಟ್ಟಿದ ಕೆಲಸಗಾರರೆಲ್ಲ ಸಾಯುವ ತನಕ ಒಳಕೋಟೆಯಲ್ಲೇ ಇರತಕ್ಕದ್ದು. ಅರಮನೆಯ ಗುಟ್ಟು ಬಲ್ಲವರು ಹೊರಗೆ ಯಾರಾದರೂ ಇದ್ದರೆ ಬರಲಿ. ದೊರೆ ಮೂರು ಒಗಟು ಕೇಳುತ್ತಾರೆ. ಊರ ಮುಂದೆ ನಿಂತು ಉತ್ತರ ಹೇಳಬೇಕು, ಅದನ್ನು ಬಿಡಿಸಿಯೂ ಹೇಳಬೇಕು. ಗೆದ್ದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಸಂಜೆಗೆ ಹೋಗುವುದು."

ಸುಣ್ಣದ ಗೂಡಿನ ಬಳಿ ದ್ಯಾಮಿ ಇದನ್ನು ಕೇಳಿದಳು. ಗಾರೆ ಕೆಲಸದ ಕೆಂಚವ್ವ ಅವಳ ತಾಯಿ, ಈಗ ಒಳಕೋಟೆಯಲ್ಲಿದ್ದಳು. ಬಾಗಿಲು ಮುಚ್ಚಿದ ದಿನ ದ್ಯಾಮಿ ಸುಣ್ಣ ತರಲು ಹೋಗಿದ್ದರಿಂದ ಹೊರಗೆ ಉಳಿದಳು. ಸುಣ್ಣ ಹೊರುವವಳನ್ನು ಯಾರೂ ಹುಡುಕಲಿಲ್ಲ.

"ಅಣ್ಣಾ, ಎಷ್ಟು ಬಿಡಿಸಿ ಹೇಳಬೇಕು?" ಎಂದು ಡಂಗುರದವನನ್ನು ಕೇಳಿದಳು.

"ಪೂರ್ತಿ ಕಣವ್ವ. ಅರ್ಧಂಬರ್ಧ ಹೇಳಿದರೂ ತಲೆ ಹೋಗ್ತದೆ."

ದ್ಯಾಮಿ ಮೊದಲು, ಅರಮನೆ ಕೆಲಸಕ್ಕೆ ಸೇರದೆ ಹೊರಗೇ ಉಳಿದಿದ್ದ ಕಲ್ಲುಕುಟಿಗರ ಕೇರಿಗೆ ಹೋಗಿ, ಎಲ್ಲರೂ ಮುಂದಿನ ಸಾಲಲ್ಲಿ ಕೂರಬೇಕೆಂದು ಹೇಳಿದಳು. ಆಮೇಲೆ ಅರಮನೆಯ ಅಂಗಳಕ್ಕೆ ನಡೆದಳು.

ಅಲ್ಲಿ ಮೂವರು ನಿಂತಿದ್ದರು: ಒಬ್ಬ ಪಂಡಿತ, ನೆರೆರಾಜ್ಯದ ಒಬ್ಬ ಶಿಲ್ಪಿ, ಒಬ್ಬ ಪಾಳೆಗಾರನ ಮಗ.

"ಏನಮ್ಮ, ಸುಣ್ಣ ಬಳಿಯೋಕೆ ಬಂದೆಯಾ?" ಎಂದ ಪಾಳೆಗಾರನ ಮಗ.

"ಹೌದು ಸ್ವಾಮಿ. ಯಾರ ಮುಖಕ್ಕೆ ಅಂತ ಸಂಜೆಗೆ ಗೊತ್ತಾಗ್ತದೆ."

ದೊರೆ ಮೊದಲನೆಯದನ್ನು ಕೇಳಿದ. "ನನ್ನ ಮನೆಗೆ ಒಬ್ಬ ಅತಿಥಿ ಬರುತ್ತಾನೆ. ಬಾಗಿಲಿಂದ ಬರುವುದಿಲ್ಲ, ಮೇಲಿಂದ ಇಳಿಯುತ್ತಾನೆ. ಬರುವಾಗ ಮೈ ಸುಡುತ್ತಿರುತ್ತದೆ, ನೀರಿನ ನೆಂಟರನ್ನು ಮುಟ್ಟಿದರೆ ಜ್ವರ ಬಿಡುತ್ತದೆ. ಯಾರು?"

"ಸೂರ್ಯನ ಕಿರಣ," ಎಂದ ಪಂಡಿತ, ಯೋಚಿಸದೆ.

"ಸಂಜೆಯ ತನಕ ಒಳಗೆ ಹಾಕಿ," ಎಂದ ದೊರೆ. ಭಟರು ಪಂಡಿತನನ್ನು ಒಳಕೋಟೆಗೆ ಎಳೆದೊಯ್ದರು.

"ಅದು ಗಾಳಿ, ಬುದ್ಧಿ," ಎಂದು ದೊರೆಗೆ ಕೈಮುಗಿದಳು ದ್ಯಾಮಿ. ಜನರ ಕಡೆ ತಿರುಗಿ ಗಟ್ಟಿಯಾಗಿ ಮುಂದುವರಿಸಿದಳು. "ಅರಮನೆಗೆ ಗಾಳಿ ಇಳಿಸುವ ಗೋಪುರದ ಬಾಯಿ ಪಡುವಣಕ್ಕಿದೆ, ಬೇಸಿಗೆ ಗಾಳಿ ಅಲ್ಲಿಂದಲೇ ಬರೋದು. ಎತ್ತರ ಹದಿನೆಂಟು ಮೊಳ, ಒಳಗಿನ ಅಗಲ ಎರಡು. ಬಾಯಿಯ ಕೆಳಗೆ ಮೂರು ಸಾಲು ನೀರಿನ ಮಡಕೆ. ನೀರು ಒಸರುವಂಥವೇ ಬೇಕು. ಬಿಸಿಗಾಳಿ ಅವಕ್ಕೆ ತಾಗಿ ತಣ್ಣಗಾಗುತ್ತೆ, ತಣ್ಣಗಾದದ್ದು ಭಾರವಾಗಿ ಇಳಿಯುತ್ತೆ. ಎದುರು ಗೋಡೆಯ ಮೇಲ್ಗಡೆ ಒಂದು ಕಿಂಡಿ ಬಿಡಬೇಕು, ಇಲ್ಲದಿದ್ದರೆ ಹಳೆ ಗಾಳಿ ಹೋಗಲ್ಲ, ಹೊಸದು ಬರಲ್ಲ."

ಮುಂದಿನ ಸಾಲಲ್ಲಿ ಕಾಳಪ್ಪನೆಂಬ ಮುದುಕ ಅಳತೆಗೊಂದರಂತೆ ಹಗ್ಗಕ್ಕೆ ಗಂಟು ಹಾಕುತ್ತಿದ್ದ.

"ಸರಿ," ಎಂದ ದೊರೆ. "ನನ್ನಲ್ಲೊಬ್ಬ ಆಳಿದ್ದಾನೆ. ಹೊಟ್ಟೆ ತುಂಬುವ ತನಕ ಸೆಟೆದಿರುತ್ತಾನೆ. ತುಂಬಿದ ಕೂಡಲೇ ಬಾಗಿ ಗಂಟೆ ಬಾರಿಸುತ್ತಾನೆ, ಬಾಗಿದ ಕೂಡಲೇ ಮತ್ತೆ ಹಸಿಯುತ್ತಾನೆ. ಹಗಲು ರಾತ್ರಿ ಸೇರಿ ಅರವತ್ತೇ ಸಲ. ಯಾರು?"

ಶಿಲ್ಪಿ ಗಡ್ಡ ನೀವಿಕೊಂಡು, "ಪಟ್ಟದಾನೆ," ಎಂದ.

"ಆನೆ ಯಾವತ್ತು ಗಳಿಗೆ ಎಣಿಸಿತ್ತು?" ಎಂದು ದೊರೆ ಕೈ ಬೀಸಿದ. ಶಿಲ್ಪಿಯೂ ಒಳಗೆ ಹೋದ.

"ಗಳಿಗೆ ಹೇಳುವ ತಾಮ್ರದ ದೋಣಿ," ಎಂದಳು ದ್ಯಾಮಿ. "ಅದು ತೂಗಾಡುವ ಅಚ್ಚು ನಡುವಿಗಿಲ್ಲ, ಎರಡು ಬೆರಳು ಹಿಂದಕ್ಕಿದೆ. ಖಾಲಿ ಇದ್ದಾಗ ಹಿಂಬದಿಯ ಸೀಸ ಮೂತಿಯನ್ನು ಎತ್ತಿ ಹಿಡಿಯುತ್ತೆ. ನೀರು ತುಂಬಿದರೆ ಮೂತಿ ಭಾರ, ಬಾಗಿ ಗಂಟೆಗೆ ಬಡಿಯುತ್ತೆ, ನೀರು ಚೆಲ್ಲಿ ಮತ್ತೆ ಏಳುತ್ತೆ. ಮೇಲಿನ ತೊಟ್ಟಿ ಸದಾ ತುಂಬಿ ಹೊರಗೆ ಹರಿಯುತ್ತಿರಬೇಕು. ಆಗಲೇ ಅದರ ತೂತಿನಿಂದ ದೋಣಿಗೆ ಬೀಳುವ ಧಾರೆ ಒಂದೇ ಸಮ ಇರೋದು."

ಕಾಳಪ್ಪ ಮತ್ತೊಂದು ಗಂಟು ಹಾಕಿದ. ದೊರೆಯ ಕಣ್ಣು ಹಗ್ಗದ ಮೇಲೆ ಬಿತ್ತು. ಆದರೂ ಮೂರನೆಯದನ್ನು ಕೇಳಿದ.

"ನನ್ನ ಸಭಾಂಗಣಕ್ಕೆ ಒಂದೂ ಕಂಬವಿಲ್ಲ. ಸೂರಿನ ಕಲ್ಲುಗಳೆಲ್ಲ ಬೀಳಬೇಕೆನ್ನುತ್ತವೆ, ಒಂದೂ ಬೀಳುವುದಿಲ್ಲ. ಹಿಡಿದವರು ಯಾರು?"

"ದೊರೆಗಳ ಪ್ರತಾಪ," ಎಂದ ಪಾಳೆಗಾರನ ಮಗ.

ದೊರೆಗೆ ಖುಷಿಯಾಯಿತು. ಆದರೆ ಉತ್ತರ ತಪ್ಪು. ಅವನೂ ಒಳಗೆ ಹೋದ.

ದ್ಯಾಮಿ ಒಂದು ಹೆಜ್ಜೆ ಮುಂದೆ ಬಂದಳು. "ಯಾರೂ ಹಿಡಿದಿಲ್ಲ, ಬುದ್ಧಿ. ಒಂದನ್ನೊಂದು ಹಿಡಿದಿವೆ."

"ಸರಿ. ಗೆದ್ದೆ. ಬಿಡಿಸುವುದು ಬೇಡ," ಎಂದ ದೊರೆ ಅವಸರದಲ್ಲಿ.

"ಬಿಡಿಸದಿದ್ದರೆ ತಲೆ ಹೋಗುತ್ತೆ ಅಂತ ನಿಮ್ಮ ಡಂಗುರವೇ ಹೇಳಿದೆ."

"ನಾನು ಮಾಫಿ ಮಾಡಿದ್ದೇನೆ."

"ನನಗೆ ಮಾಫಿ ಬೇಡ. ನಾನು ತಪ್ಪು ಮಾಡಿಲ್ಲ." ಅವಳು ಆಗಲೇ ಜನರ ಕಡೆ ತಿರುಗಿದ್ದಳು. "ಒಂದೊಂದು ಕಲ್ಲೂ ಕೆಳಗೆ ಕಿರಿದು, ಮೇಲೆ ಅಗಲ. ಒಂದು ಬೀಳಹೋದರೆ ಪಕ್ಕದ್ದು ಅಡ್ಡ ಬರುತ್ತೆ. ಎಲ್ಲವೂ ಹೊರಕ್ಕೆ ತಳ್ಳುವುದರಿಂದ ಕೆಳಗಿನ ಗೋಡೆ ನಾಲ್ಕು ಮೊಳ ದಪ್ಪ ಬೇಕು. ಕಟ್ಟುವಾಗ ಕೆಳಗಿನಿಂದ ಮರದ ಆಧಾರ ಕೊಡಿ, ಅದರ ಕಾಲುಗಳನ್ನು ಮರಳಿನ ಪೆಟ್ಟಿಗೆಗಳ ಮೇಲೆ ನಿಲ್ಲಿಸಿ. ನಡುವಿನ ಕಲ್ಲು ಕೂತು ಗಾರೆ ಬಿಗಿದ ಮೇಲೆ ಪೆಟ್ಟಿಗೆಯ ತೂತು ಬಿಚ್ಚಿ. ಮರಳು ಸುರಿದಷ್ಟೇ ಆಧಾರ ಇಳಿಯುತ್ತೆ. ಕಲ್ಲು ಅಲುಗುವುದಿಲ್ಲ."

ಕಾಳಪ್ಪ ಕೊನೆಯ ಗಂಟು ಬಿಗಿದ.

"ಏನು ಬೇಕು ನಿನಗೆ?" ಎಂದ ದೊರೆ.

"ಒಳಕೋಟೆಯ ಬಾಗಿಲು ತೆಗೆಸಿ. ಒಳಗಿರೋರೆಲ್ಲ ಬರಲಿ. ಇವತ್ತು ಹೋದ ಮೂವರೂ."

"ಗುಟ್ಟು ಹರಡುತ್ತದೆ."

"ಹರಡಿ ಆಯ್ತಲ್ಲ. ನೀವು ಕೇಳಿದಿರಿ, ನಾನು ಹೇಳಿದೆ. ಇನ್ನು ಗುಟ್ಟು ಕಾಯಬೇಕು ಅಂದರೆ ಊರನ್ನೇ ಒಳಗೆ ಹಾಕಬೇಕು. ಅಷ್ಟು ಜನಕ್ಕೆ ಈ ಒಳಕೋಟೆ ಸಾಲದು, ದೊಡ್ಡದು ಕಟ್ಟಬೇಕು. ಕಟ್ಟೋರು ನಾವೇ, ಬುದ್ಧಿ. ನಾವು ಕಟ್ಟೋದಿಲ್ಲ."

ಮುಂದಿನ ಸಾಲು ಎದ್ದು ನಿಂತಿತು. ಹಿಂದಿನ ಸಾಲುಗಳೂ ಎದ್ದವು. ದೊರೆ ತಾನು ಕೊಟ್ಟ ಮಾತನ್ನೊಮ್ಮೆ, ಎದ್ದು ನಿಂತ ಜನವನ್ನೊಮ್ಮೆ ತೂಗಿ ನೋಡಿ, ಬೀಗದ ಕೈ ಕೊಡಿಸಿದ.

ಕೆಂಚವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬಂದಳು. "ನೀನು ಹೇಳಿದ್ದೆಲ್ಲ ಗೋಡೆಯಾಚೆಗೂ ಕೇಳಿಸ್ತು. ಅಚ್ಚಿನ ಲೆಕ್ಕ ಯಾರೇ ಹೇಳಿಕೊಟ್ಟದ್ದು ನಿನಗೆ?"

"ಕಟ್ಟುವಾಗ ನೀವೆಲ್ಲ ಮೇಲಿಂದ ಕೂಗ್ತಿದ್ರಿ. ನಾನು ಕೆಳಗಿದ್ದೆ, ಕೇಳಿಸ್ಕೊಂಡೆ."

ಮರುವರ್ಷದ ಬೇಸಿಗೆಗೆ ಕರಿಬಂಡೆಯಲ್ಲಿ ಗಾಳಿಗೋಪುರವಿದ್ದ ಮನೆಗಳು ನೂರಾ ಹದಿನೇಳು.