ಭರಮಣ್ಣನ ನೇರ ಸಾಲು

ಹುಲ್ಲುಗುಡ್ಡದ ಇಳಿಜಾರಿನಲ್ಲಿ ಎರಡು ಹೊಲಗಳಿದ್ದವು. ಮೇಲಿನದು ಕಾಡುಹಂದಿ ಭರಮಣ್ಣನದು, ಕೆಳಗಿನದು ಮುಳ್ಳುಹಂದಿ ಸಣ್ಣೀರಮ್ಮನದು. ಅದಕ್ಕೂ ಕೆಳಗೆ ಒಂದು ಕೊಳ. ಗುಡ್ಡದ ಪ್ರಾಣಿಗಳೆಲ್ಲ ನೀರು ಕುಡಿಯುತ್ತಿದ್ದುದು ಅಲ್ಲೇ. ಅದನ್ನು ಕಾಯುತ್ತಿದ್ದವನು ಆಮೆ ಕರಿಯಜ್ಜ.

ಮಕ್ಕಳೇ, ಭರಮಣ್ಣ ಸೋಮಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂತಿಯಿಂದಲೇ ಇಡೀ ಹೊಲ ಉಳುತ್ತಿದ್ದ. ಮನೆಯಲ್ಲಿ ಆರು ಮರಿಗಳು; ಅವುಗಳ ಹೊಟ್ಟೆ ತುಂಬಬೇಕಾದದ್ದು ಈ ಹೊಲದಿಂದಲೇ. ಅವನ ದೋಷ ಒಂದೇ: ಬೆಳೆ ಬಂದರೆ ಸಾಲದು, ನೋಡಿದವರು ಭೇಷ್ ಎನ್ನಬೇಕು.

ಅದಕ್ಕಾಗಿ ಗುಡ್ಡದ ಮೇಲಿನಿಂದ ಕೆಳಕ್ಕೆ, ದಾರ ಹಿಡಿದ ಹಾಗೆ ನೇರವಾಗಿ ಸಾಲು ಹೊಡೆಯುತ್ತಿದ್ದ. ಕೊಳದ ಬಳಿ ನಿಂತವರಿಗೆ ಗೆರೆಗಳು ಕಾಣಬೇಕಲ್ಲ! ಆ ಬೇಸಿಗೆಯಲ್ಲಂತೂ ಕೊಯ್ದುಳಿದ ಕೂಳೆ, ಒಣಗಿದೆಲೆಯ ದರಗು ಎಲ್ಲವನ್ನೂ ಗುಡಿಸಿ ಬೆಂಕಿ ಇಟ್ಟ.

"ಏನಪ್ಪಾ ಇದು ಹೊಗೆ?" ಕರಿಯಜ್ಜ ಕೆಮ್ಮಿದ.

"ಕಸ ಸುಟ್ಟೆ, ಅಜ್ಜ. ಹೊಲ ಈಗ ಅಂಗಳದ ಹಾಗಿದೆ, ನೋಡು."

"ಅಂಗಳದಲ್ಲಿ ರಾಗಿ ಬೆಳೆಯುತ್ತದೇನು? ಸುತ್ತಲಿನ ಗುಡ್ಡಗಳಲ್ಲೆಲ್ಲ ಹೀಗೇ ಸುಡುತ್ತಾರೆ. ಆ ಹೊಗೆಯೆಲ್ಲ ಮೇಲೆ ಸೇರಿ ಬಿಸಿಲು ಏರಿಸಿದೆ, ಮಳೆಯ ಹದ ಕೆಡಿಸಿದೆ. ಮೊದಲು ಹದಿನೈದು ದಿನ ಜಿನುಗುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆ."

ಭರಮಣ್ಣ ಕಿವಿ ಕೊಡಲಿಲ್ಲ. ಮೊದಲ ಮಳೆಗೆ ಇಬ್ಬರೂ ರಾಗಿ ಬಿತ್ತಿದರು, ಮೊಳಕೆ ಬಂತು. ಅವನ ಕಣ್ಣು ಸಣ್ಣೀರಮ್ಮನ ಹೊಲದ ಮೇಲಿತ್ತು. ಅಲ್ಲಿ ಸಾಲುಗಳು ಇಳಿಜಾರಿಗೆ ಅಡ್ಡವಾಗಿ ಬಳುಕಿದ್ದವು. ರಾಗಿಯ ನಡುನಡುವೆ ಒಂದೊಂದು ಸಾಲು ತೊಗರಿ, ಅವರೆ. ಹೀಗೆ ಜೊತೆಗೆ ಬಿತ್ತುವುದನ್ನು ಅಕ್ಕಡಿ ಎನ್ನುತ್ತಾರೆ. ನೆಲದ ತುಂಬ ದರಗು ಹಾಸಿತ್ತು.

"ಸಣ್ಣೀರಕ್ಕಾ, ನಿನ್ನ ಹೊಲವೂ ನಿನ್ನ ಬೆನ್ನಿನ ಹಾಗೇ ಇದೆಯಲ್ಲ! ಬಾಚಣಿಗೆ ಕೊಡಲೇ?"

"ನನ್ನ ಬೆನ್ನು ನನ್ನನ್ನು ಕಾದಿದೆ, ಭರಮಣ್ಣ. ಹೊಲವೂ ಕಾಯಲಿ ಬಿಡು," ಎಂದಳು ಸಣ್ಣೀರಮ್ಮ, ಕಳೆ ಕೀಳುತ್ತಲೇ.

ಇಬ್ಬರ ಪೈರೂ ಗೇಣುದ್ದ ಬಂತು. ಆಮೇಲೆ ಇಪ್ಪತ್ತು ದಿನ ಒಂದು ಹನಿಯಿಲ್ಲ. ಮೇಲಿನ ಹೊಲ ಬಿರಿಯಿತು. ಕೆಳಗಿನದರಲ್ಲಿ ದರಗಿನಡಿ ತೇವ ಉಳಿಯಿತು.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮೋಡ ಕವಿದು ಮಳೆ ಧೋ ಎಂದು ಸುರಿಯಿತು. ಭರಮಣ್ಣ ಕುಣಿದ. ಕುಣಿತ ಹೆಚ್ಚು ಹೊತ್ತು ನಡೆಯಲಿಲ್ಲ. ಅವನ ಒಂದೊಂದು ನೇರ ಸಾಲೂ ಒಂದೊಂದು ಕಾಲುವೆಯಾಯಿತು. ಪೈರು, ಗೊಬ್ಬರ, ಮೇಲ್ಮಣ್ಣು ಎಲ್ಲ ಒಟ್ಟಿಗೆ ಕೆಳಗೆ ಹರಿದವು; ಕೊಳದ ನೀರೂ ರಾಡಿಯಾಯಿತು. ಮಳೆ ನಿಂತಾಗ ಹೊಲದಲ್ಲಿ ಉಳಿದದ್ದು ಬರೀ ಗರಸು ಕಲ್ಲು.

ಆರು ಮರಿಗಳು ಸಾಲಾಗಿ ನಿಂತು ಅಪ್ಪನ ಮುಖ ನೋಡಿದವು.

ಭರಮಣ್ಣ ಕೆಳಗೆ ಓಡಿದ. ಸಣ್ಣೀರಮ್ಮನ ತೊಗರಿ ಸಾಲುಗಳಿಗೆ ಆತುಕೊಂಡು ಅವನ ಕಪ್ಪು ಮಣ್ಣು ರಾಶಿ ಬಿದ್ದಿತ್ತು. ಅವಳ ಪೈರು ಬಾಗಿತ್ತು, ಆದರೆ ಬೇರು ಕಿತ್ತು ಬಂದಿರಲಿಲ್ಲ.

"ಅಕ್ಕಾ... ಅದು ನನ್ನ ಮಣ್ಣು."

"ನಿನ್ನದೇ. ಇಲ್ಲವೆಂದೆನೇ? ನನ್ನ ಅವರೆ ತುಳಿಯದೆ ಹೊತ್ತುಕೊಂಡು ಹೋಗು." ಅವಳು ಒಂದು ಕುಕ್ಕೆ ಅವನ ಮುಂದಿಟ್ಟಳು. ಮುಖ ನೋಡಿ ದನಿ ತಗ್ಗಿಸಿದಳು. "ರಾಗಿಗೆ ಈಗ ಹೊತ್ತು ಮೀರಿತು. ಹುರುಳಿಗೆ ಮೀರಿಲ್ಲ. ಬಿತ್ತನೆಗೆ ನಾನು ಕೊಡುತ್ತೇನೆ. ಸಾಲು ಮಾತ್ರ ಅಡ್ಡ ಹೊಡೆಯಬೇಕು."

"ಹೊಡೆಯುತ್ತೇನೆ, ಅಕ್ಕ."

ಒಂಬತ್ತು ದಿನ ಅಪ್ಪ ಮಕ್ಕಳು ಮಣ್ಣು ಹೊತ್ತರು. ಭರಮಣ್ಣ ಇಳಿಜಾರಿಗೆ ಅಡ್ಡ ಉತ್ತು ಹುರುಳಿ ಬಿತ್ತಿದ, ಮೇಲೆ ದರಗು ಹಾಸಿದ. ಮತ್ತೊಂದು ಜಡಿಮಳೆ ಬಂತು, ಹೊಲ ಕದಲಲಿಲ್ಲ. ಹುರುಳಿ ನೆಲ ಮುಚ್ಚುವಂತೆ ಹಬ್ಬಿತು. ಸುಗ್ಗಿಯ ದಿನ ಆರು ಮರಿಗಳೂ ಬೇಯಿಸಿದ ಹುರುಳಿ ತಿಂದು, ಹೊಟ್ಟೆ ಮೇಲೆ ಮಾಡಿಕೊಂಡು ಬಿಸಿಲಿಗೆ ಮಲಗಿದವು.

ಕರಿಯಜ್ಜ ಕತ್ತು ಚಾಚಿ ಗುಡ್ಡ ನೋಡಿದ. "ಭರಮಣ್ಣಾ, ಇಲ್ಲಿಂದ ನಿನ್ನ ಗೆರೆಗಳೇ ಕಾಣುವುದಿಲ್ಲವಲ್ಲೋ!"

"ಗೆರೆ ಹಾಗಿರಲಿ, ಅಜ್ಜ," ಎಂದ ಭರಮಣ್ಣ. "ಕೊಳದ ತಳ ಕಾಣುತ್ತದೆಯೋ ಇಲ್ಲವೋ, ಅದನ್ನು ಹೇಳು."

ತಿಳಿನೀರಿನಲ್ಲಿ ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು.

ನೀತಿ: ನೋಡುವವರ ಮೆಚ್ಚುಗೆಗಾಗಿ ಉಳಬೇಡಿ, ಮಳೆ ಹದ ತಪ್ಪಿದ ಕಾಲದಲ್ಲಿ ಮಣ್ಣನ್ನು ಕಾಪಾಡಿದವರಿಗೇ ಬೆಳೆ ದಕ್ಕುತ್ತದೆ.